ಕ್ಯಾಪ್ಚರ್ ಕಾರ್ಡು ನುಂಗಿದ ನಲವತ್ತು ಸೆಕೆಂಡು

ನಾನು ನಿವೃತ್ತನಾಗಿ ಒಂದೂವರೆ ವರ್ಷವಾಯಿತು. ಚಿತ್ತಾಪುರದ ಮನೆಯಲ್ಲಿ ಬೆಳಗಿನ ಚಹಾ ಮುಗಿಯುವುದರೊಳಗೆ ಒಂದಾದರೂ ಫೋನ್ ಬರುತ್ತದೆ. "ಕಾಕಾ, ಯಾವ ಕ್ಯಾಪ್ಚರ್ ಕಾರ್ಡ್ ತಗೋಬೇಕ್ರಿ?" ಕೇಳುವವರೆಲ್ಲ ಈ ಕೆಲಸಕ್ಕೆ ಹೊಸದಾಗಿ ಇಳಿದವರು. ಸೇಡಂನಲ್ಲಿ ಮದುವೆ ಲೈವ್ ಮಾಡುವವರು, ಚಿಂಚೋಳಿಯಲ್ಲಿ ಕೋಚಿಂಗ್ ಪಾಠ ಇಂಟರ್ನೆಟ್ಟಿಗೆ ಹಾಕುವವರು, ಶಹಾಬಾದಿನಲ್ಲಿ ಕೂತು ತಾವು ಆಡುವ ಆಟವನ್ನು ಊರಿಗೆಲ್ಲ ತೋರಿಸುವವರು. ಒಂದು ಹೆಸರು ಹೇಳಿ ಫೋನ್ ಇಡುವುದು ನನಗೂ ಸುಲಭ. ಆದರೆ ನಾನು ಆರಿಸಿದ ಒಂದು ಕಾರ್ಡಿನಿಂದ, ತಪ್ಪೇ ಮಾಡದ ಒಬ್ಬ ಮನುಷ್ಯನ ನೌಕರಿ ಹೋಗುವುದರಲ್ಲಿತ್ತು. ಅದನ್ನು ಕೇಳಿಸಿಕೊಂಡವರಿಗೆ ಮಾತ್ರ ಮುಂದಿನ ಮಾತು ಎಂದು ನಿಯಮ ಮಾಡಿಕೊಂಡಿದ್ದೇನೆ. ಎಷ್ಟೋ ಮಂದಿ ಅಲ್ಲೇ ಫೋನ್ ಇಡುತ್ತಾರೆ. ಇಡಲಿ, ಇಲ್ಲಿ ಬರೆದುಬಿಡುತ್ತೇನೆ.

ಕ್ಯಾಪ್ಚರ್ ಕಾರ್ಡು ಎಂದರೆ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ. ಕ್ಯಾಮೆರಾದಿಂದಲೋ ಬೇರೊಂದು ಪರದೆಯಿಂದಲೋ ಬರುವ ಚಿತ್ರವನ್ನು ಕಂಪ್ಯೂಟರಿನೊಳಗೆ ಸೇರಿಸುವುದು ಅದರ ಕೆಲಸ. ಸೇರಿದ ಮೇಲೆ ಬೇಕಾದರೆ ರೆಕಾರ್ಡ್ ಮಾಡಿಕೊಳ್ಳಿ, ಬೇಕಾದರೆ ಲೈವ್ ಬಿಡಿ. ನಾನು ಒಂದು ಸಿಮೆಂಟ್ ಕಾರ್ಖಾನೆಯ ತರಬೇತಿ ಕೇಂದ್ರದಲ್ಲಿ ವಿಡಿಯೋ ನೋಡಿಕೊಳ್ಳುತ್ತಿದ್ದೆ. ಕಾರ್ಖಾನೆಯ ಹೆಸರು ಬೇಡ. ನಮ್ಮ ಕಡೆ ಚಿಮಣಿಗಳಿಗೇನೂ ಕಡಿಮೆಯಿಲ್ಲ, ಯಾವುದೋ ಒಂದು ಎಂದು ಇಟ್ಟುಕೊಳ್ಳಿ. ಕೇಂದ್ರದ ಮುಖ್ಯಸ್ಥರು ಶಹಾಬಾದಿನ ಖಾದರ್ ಸಾಹೇಬರು. ಮಾತು ಮೆತ್ತಗೆ, ನೆನಪು ಮಾತ್ರ ಭಯಂಕರ. ನೀವು ಹತ್ತು ವರ್ಷದ ಹಿಂದೆ ಮಾಡಿದ ತಪ್ಪನ್ನು ಬಿಸ್ಕತ್ತು ಕೊಡುತ್ತಲೇ ನೆನಪಿಸುತ್ತಿದ್ದರು.

ಅವರ ನೆನಪಿಗೆ ನಾನು ಸಾಕಷ್ಟು ಸರಕು ಒದಗಿಸಿದ್ದೇನೆ. ಮೊದಲ ಸಲ ಕಂಪನಿಯ ದೊಡ್ಡ ಸಾಹೇಬರೊಬ್ಬರ ಭಾಷಣ ಲೈವ್ ಮಾಡಿದಾಗ, ಕ್ಯಾಮೆರಾದ ಹಿಂಬದಿಯ ಪುಟ್ಟ ಪರದೆಯಲ್ಲಿ ಕಾಣುವುದೆಲ್ಲ ಕೇಬಲ್ಲಿನಲ್ಲೂ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ. ಎರಡು ಸಾವಿರ ಕೆಲಸಗಾರರು ನೋಡುತ್ತಿದ್ದಂತೆ ಸಾಹೇಬರ ಮುಖದ ಸುತ್ತ ಹಳದಿ ಚೌಕ, ಕಿವಿಯ ಪಕ್ಕ ಬ್ಯಾಟರಿ ಮುಗಿಯುತ್ತ ಬಂದ ಗುರುತು. ಅವರು ಕಾರ್ಖಾನೆಯ ಭವಿಷ್ಯದ ಬಗ್ಗೆ ಹೇಳುವಾಗ ಬ್ಯಾಟರಿ ಕೆಂಪಗಾಗಿ ಮಿನುಗತೊಡಗಿತು. ಆದ್ದರಿಂದ ಕಾರ್ಡು ಕೊಳ್ಳುವ ಮುಂಚೆ, ನಿಮ್ಮ ಕ್ಯಾಮೆರಾ ಈ ಗುರುತುಗಳಿಲ್ಲದ ಸ್ವಚ್ಛ ಚಿತ್ರವನ್ನು ಹೊರಗೆ ಕೊಡುತ್ತದೆಯೋ ಇಲ್ಲವೋ ನೋಡಿಕೊಳ್ಳಿ. ಅರ್ಧ ಗಂಟೆಗೆ ತಾನೇ ಮಲಗುವ ಕ್ಯಾಮೆರಾಗಳೂ ಇವೆ, ಅದನ್ನೂ ನೋಡಿ.

ಇನ್ನೊಂದು ಸಲ ಕಿಲ್ನ್ ಪೂಜೆ. ಕಿಲ್ನ್ ಎಂದರೆ ಸುಣ್ಣದಕಲ್ಲಿನ ಪುಡಿ ಸುಡುವ ಉದ್ದನೆಯ ತಿರುಗುವ ಭಟ್ಟಿ. ದುರಸ್ತಿಯಾಗಿ ಮತ್ತೆ ಬೆಂಕಿ ಹೊತ್ತಿಸುವ ದಿನ ಪೂಜೆ ಇರುತ್ತದೆ. ಒಳಗೆ ಜಾಗವಿಲ್ಲದ್ದರಿಂದ ಹಿರಿಯರಿಗೆ ಪಕ್ಕದ ಶೆಡ್ಡಿನಲ್ಲಿ ದೊಡ್ಡ ಟಿವಿ ಇಟ್ಟು, ಇಂಟರ್ನೆಟ್ ಮೂಲಕ ಹೋಗುತ್ತಿದ್ದ ಲೈವನ್ನೇ ಅದರಲ್ಲಿ ಹಾಕಿದೆ. ಇಂಟರ್ನೆಟ್ ಸುತ್ತಿ ಬರುವ ಚಿತ್ರ ಅರ್ಧ ನಿಮಿಷ ತಡ. ಒಳಗೆ ಮಂಗಳಾರತಿ ಮುಗಿದು ಜನ ಪ್ರಸಾದಕ್ಕೆ ಕೈ ಒಡ್ಡಿದ್ದರು, ಶೆಡ್ಡಿನಲ್ಲಿ ಆಗಿನ್ನೂ ಎಲ್ಲರೂ ಎದ್ದು ನಿಂತು ಕೈ ಮುಗಿಯುತ್ತಿದ್ದರು. ಖಾದರ್ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು, "ಕುಲಕರ್ಣಿಯವರ, ನಿಮ್ಮ ದೇವ್ರು ತಡವಾಗಿ ಬಂದ್ರೂ ಸಿಟ್ಟು ಮಾಡಂಗಿಲ್ಲೇನ್ರಿ?" ಎಂದರು. ಕಾರ್ಡಿನಲ್ಲೇ ಟಿವಿಗೆ ನೇರ ಹೋಗುವ ಇನ್ನೊಂದು ಕಿಂಡಿ ಇದ್ದರೆ ಈ ಫಜೀತಿ ಇರುವುದಿಲ್ಲ. ಅಂಥದನ್ನೇ ತೆಗೆದುಕೊಳ್ಳಿ.

ಈ ತಪ್ಪುಗಳಿಂದ ನಗೆ ಹುಟ್ಟಿತೇ ಹೊರತು ಯಾರ ಹೊಟ್ಟೆಯ ಮೇಲೂ ಹೊಡೆತ ಬೀಳಲಿಲ್ಲ. ಬಿದ್ದದ್ದು ನನ್ನ ಕೊನೆಯ ವರ್ಷದಲ್ಲಿ.

ಕಿಲ್ನನ್ನು ದೂರದಿಂದ ನಡೆಸುವ ಕಂಟ್ರೋಲ್ ರೂಮಿನಲ್ಲಿ ಏನೇನು ಕೆಡುತ್ತದೆ, ಕೆಟ್ಟಾಗ ಆಪರೇಟರ್ ಏನು ಮಾಡುತ್ತಾನೆ ಎಂಬುದನ್ನು ಪಾಳಿಪೂರ್ತಿ ರೆಕಾರ್ಡ್ ಮಾಡಿ, ಹೊಸಬರಿಗೆ ಪಾಠವಾಗಿ ತೋರಿಸಬೇಕೆಂದು ಖಾದರ್ ಸಾಹೇಬರಿಗೆ ಹಂಬಲ. ಆಪರೇಟರನ ಪರದೆಯನ್ನು ಕ್ಯಾಪ್ಚರ್ ಕಾರ್ಡಿನಿಂದ ಹಿಡಿಯುವುದು, ಕೋಣೆಯ ಮಾತು ಮತ್ತು ವಾಕಿಟಾಕಿಯ ಧ್ವನಿಗೆ ಬೇರೆ ಮೈಕು ಹಾಕುವುದು ಎಂದಾಯಿತು. "ಹೈದರಾಬಾದಿಗೆ ಹೋಗಿ, ಎಂಟು ತಾಸು ಓಡಿಸಿ ನೋಡಿ, ಆಮ್ಯಾಲ ತಗೊಂಡು ಬರ್ರಿ" ಎಂದಿದ್ದರು. ನಾನು ಹೋಗಲಿಲ್ಲ. ಡಬ್ಬಿಯ ಮೇಲೆ ದೊಡ್ಡದಾಗಿ 4ಕೆ ಎಂದು ಬರೆದಿದ್ದ ಒಂದನ್ನು ಕೂತಲ್ಲೇ ತರಿಸಿದೆ. ಹತ್ತು ನಿಮಿಷ ಓಡಿಸಿದೆ, ಚಿತ್ರ ಕನ್ನಡಿಯಂತೆ ಬಂತು. ಅದನ್ನೂ, ರೆಕಾರ್ಡಿಂಗ್ ಸೇರುವ ಹಾರ್ಡ್ ಡಿಸ್ಕನ್ನೂ ಒಂದೇ ಯುಎಸ್‌ಬಿ ಹಬ್ಬಿಗೆ, ಅಂದರೆ ಕಂಪ್ಯೂಟರಿನ ಒಂದು ಕಿಂಡಿಯನ್ನು ನಾಲ್ಕಾಗಿ ಹಂಚುವ ಡಬ್ಬಿಗೆ, ಚುಚ್ಚಿ ಕೈ ತೊಳೆದುಕೊಂಡೆ.

ರೆಕಾರ್ಡ್ ಮಾಡುವ ಸಾಫ್ಟ್‌ವೇರಿನ ಕೆಳಮೂಲೆಯಲ್ಲಿ ಒಂದು ಕೆಂಪು ಸಂಖ್ಯೆ ಏರುತ್ತಿತ್ತು. ಬಿಟ್ಟುಹೋದ ಫ್ರೇಮ್‌ಗಳದು ಅದು, ಅಂದರೆ ಕಾರ್ಡು ಹಿಡಿಯಲಾರದೆ ಕೈಬಿಟ್ಟ ಚಿತ್ರಗಳದು. ಬಂದವರೆಲ್ಲ "ಇದೇನ್ರಿ ಕೆಂಪಗ?" ಎಂದು ಕೇಳುತ್ತಿದ್ದರು. ಹೇಳಿ ಹೇಳಿ ಬೇಸತ್ತು ಅದರ ಮೇಲೆ ಒಂದು ತುಂಡು ಅಂಟುಪಟ್ಟಿ ಹಚ್ಚಿದೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಒಂದು ಮಧ್ಯಾಹ್ನ ಅನಾಹುತವಾಯಿತು. ಕಿಲ್ನಿಗೆ ಹೋಗುವ ಪುಡಿ ಎತ್ತರದ ಗೋಪುರದಲ್ಲಿ ಬಿಸಿಯಾಗುತ್ತ ಇಳಿಯುತ್ತದೆ. ಕೆಲವೊಮ್ಮೆ ಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ. ಆಗ ಒಬ್ಬ ಮೇಲೆ ಹತ್ತಿ, ಚಿಕ್ಕ ಬಾಗಿಲು ತೆರೆದು, ಉದ್ದನೆಯ ಸಲಾಕೆಯಿಂದ ಕುಟ್ಟಿ ಬಿಡಿಸಬೇಕು. ಕೆಳಗೆ ಕಂಟ್ರೋಲ್ ರೂಮಿನ ಆಪರೇಟರ್ ಒತ್ತಡ ನೋಡುತ್ತಿರಬೇಕು. ಪರದೆ ಕೆಂಪಾದ ಕೂಡಲೇ ವಾಕಿಟಾಕಿಯಲ್ಲಿ ಮೇಲಿನವನಿಗೆ ಕೂಗಿ ಹೇಳಬೇಕು. ಅವತ್ತು ಮೇಲಿದ್ದವನು ಸೇಡಂ ಹತ್ತಿರದ ಮುಧೋಳದ ಭೀಮರಾಯ. ಕೆಳಗಿದ್ದವನು ಸಾಬಣ್ಣ. ತಲೆಮಾರುಗಳಿಂದ ಕಾಗಿಣಾ ಹೊಳೆಯ ದಂಡೆಯಲ್ಲೇ ಇದ್ದ ಮನೆತನದವನು, ಆ ಮನೆಯಲ್ಲಿ ಡಿಪ್ಲೊಮಾ ಓದಿದ ಮೊದಲಿಗ. ಕಟ್ಟಿಕೊಂಡ ಪುಡಿ ಒಮ್ಮೆಲೇ ಕುಸಿದು ಬಿಸಿ ಧೂಳು ಬಾಗಿಲಿನಿಂದ ಹೊರಗೆ ಚಿಮ್ಮಿತು. ಭೀಮರಾಯನ ಎರಡೂ ಕೈ ಮೊಣಕೈವರೆಗೆ ಸುಟ್ಟವು.

ಸಾಬಣ್ಣ ಸಮಯಕ್ಕೆ ಕೂಗಿದನೇ ಎಂಬುದೊಂದೇ ವಿಚಾರಣೆಯ ಪ್ರಶ್ನೆ. ಪರದೆ ಕೆಂಪಾದಾಗ ಒಂದು ಗಂಟೆ ಐವತ್ತು ನಿಮಿಷ, ಪುಡಿ ಚಿಮ್ಮಿದ್ದು ಅದಾದ ಇಪ್ಪತ್ತು ಸೆಕೆಂಡಿಗೆ. ಇವೆರಡೂ ಯಂತ್ರದ ದಾಖಲೆಯಲ್ಲೇ ಇದ್ದವು. ವಾಕಿಟಾಕಿಯ ಮಾತು ಮಾತ್ರ ಎಲ್ಲೂ ದಾಖಲಾಗುವುದಿಲ್ಲ, ನನ್ನ ರೆಕಾರ್ಡಿಂಗಿನಲ್ಲಿ ಬಿಟ್ಟರೆ. ಅಲಾರಮ್ಮಿನ ಸದ್ದಾದರೂ ಇದ್ದಿದ್ದರೆ ಒಂದು ಆಧಾರವಾಗುತ್ತಿತ್ತು. ಅದು ದಿನವಿಡೀ ಕಿರುಚುತ್ತದೆಂದು ಆಪರೇಟರುಗಳು ಎಂದೋ ಅದರ ಬಾಯಿ ಮುಚ್ಚಿಸಿದ್ದರು. ನಾನು ಆ ಹೊತ್ತಿನ ಐದು ನಿಮಿಷದ ತುಂಡು ಕತ್ತರಿಸಿ ಒಪ್ಪಿಸಿದೆ. ಅದರಲ್ಲಿ ಪರದೆ ಕೆಂಪಾಗುತ್ತದೆ. ಇಪ್ಪತ್ತು ಸೆಕೆಂಡಿಗೆ ಒತ್ತಡ ಹಾರುತ್ತದೆ, ಅಂದರೆ ಧೂಳು ಚಿಮ್ಮಿತು. "ಭೀಮ್ಯಾ, ಹಿಂದ ಸರಿ! ಸರಿಯೋ!" ಎಂಬ ಸಾಬಣ್ಣನ ಕೂಗು ಕೇಳುವುದು ಕೆಂಪಾಗಿ ನಲವತ್ತೊಂದು ಸೆಕೆಂಡಾದ ಮೇಲೆ.

ವಿಚಾರಣೆ ನಡೆಸಿದವರು ಉತ್ಪಾದನಾ ವಿಭಾಗದ ರೆಡ್ಡಿ ಸಾಹೇಬರು. ಕೆಟ್ಟವರೇನಲ್ಲ, ಆದರೆ ಕಣ್ಣಿಗೆ ಕಂಡದ್ದನ್ನು ಬಿಡುವವರಲ್ಲ. ಆಸ್ಪತ್ರೆಯಿಂದ ಭೀಮರಾಯ "ಕೂಗು ಕೇಳಿಸ್ತು, ಆಮ್ಯಾಲೇ ಧೂಳು ಬಿತ್ತು" ಎಂದು ಹೇಳಿಕೆ ಕೊಟ್ಟಿದ್ದ. ಗೆಳೆಯನ ಪರ ಹೇಳುತ್ತಿದ್ದಾನೆಂದು ಎಲ್ಲರೂ ತಿಳಿದರು, ನಾನೂ ತಿಳಿದೆ. ಸಾಬಣ್ಣನನ್ನು ಅಮಾನತು ಮಾಡಿದರು. ಮೊದಲ ದಿನ ಅವನು "ಕೆಂಪಾದ ಕೂಡಲೇ ಒದರೀನ್ರಿ" ಎಂದು ಮೇಜು ಗುದ್ದಿ ಹೇಳಿದ್ದ. ವಿಡಿಯೋ ತೋರಿಸಿದರು. ಎರಡನೆಯ ಸಲ ತೋರಿಸಿ ಎಂದ. ಮೂರನೆಯ ಸಲ ಮುಗಿದ ಮೇಲೆ ಎದ್ದು ಹೊರಗೆ ಹೋದ. ನಾನು ಯಂತ್ರದ ಪಕ್ಕದಲ್ಲೇ ನಿಂತು ಗುಂಡಿ ಒತ್ತುತ್ತಿದ್ದೆ.

ಮುಂದಿನ ವಾರ ಸುದ್ದಿ ಬಂತು, ಸಾಬಣ್ಣ ತಪ್ಪೊಪ್ಪಿಗೆ ಬರೆದುಕೊಡುತ್ತಾನಂತೆ. ಸೋಮವಾರ ಸಹಿ. ಬರೆದುಕೊಟ್ಟರೆ ನೌಕರಿ ಅಲ್ಲಿಗೆ ಮುಗಿದಂತೆ. ಕಡತಕ್ಕೆ ಇಡೀ ಪಾಳಿಯ ಪ್ರತಿ ಬೇಕೆಂದು ಶುಕ್ರವಾರ ನನಗೆ ಚೀಟಿ ಬಂತು. ಪ್ರತಿ ಮಾಡಿ, ಸರಿಯಾಗಿ ಬಂದಿದೆಯೋ ನೋಡಲು ಹೆಡ್‌ಫೋನ್ ಹಾಕಿಕೊಂಡು ಕೊನೆಯ ಭಾಗ ಓಡಿಸಿದೆ. ಎರಡು ಗಂಟೆಯ ಭೋಂಗಾ ಕೇಳಿಸಿತು. ಪಾಳಿ ಬದಲಾಗುವಾಗಲೂ, ಆಫೀಸಿನವರಿಗಾಗಿ ಎಂಟಕ್ಕೂ ಹನ್ನೆರಡಕ್ಕೂ ಕೂಗುವ ಸೈರನ್ನಿಗೆ ನಮ್ಮಲ್ಲಿ ಭೋಂಗಾ ಎನ್ನುತ್ತಾರೆ. ಸುತ್ತಲಿನ ಹಳ್ಳಿಗಳ ಜನ ಅದನ್ನು ಕೇಳಿಯೇ ಗಡಿಯಾರ ತಿದ್ದಿಕೊಳ್ಳುತ್ತಾರೆ. ನಾನು ಮೂವತ್ತೊಂದು ವರ್ಷ ಅದನ್ನು ಕೇಳಿ ಊಟದ ಡಬ್ಬಿ ತೊಳೆದವನು. ಅಭ್ಯಾಸದಂತೆ ಪರದೆಯ ಮೂಲೆಯ ಗಡಿಯಾರ ನೋಡಿದೆ. ಎರಡು ಗಂಟೆ ದಾಟಿ ನಲವತ್ತು ಸೆಕೆಂಡಾಗಿತ್ತು.

ಭೋಂಗಾ ಮನುಷ್ಯ ಊದುವುದಲ್ಲ. ಕಂಟ್ರೋಲ್ ರೂಮಿನ ಗಡಿಯಾರವೇ, ಅಂದರೆ ಪರದೆಯ ಮೂಲೆಯಲ್ಲಿ ಕಾಣುವುದೇ, ಅದನ್ನು ಕೂಗಿಸುತ್ತದೆ. ರೆಕಾರ್ಡಿಂಗಿನ ಆರಂಭಕ್ಕೆ ಹೋದೆ. ಬೆಳಗಿನ ಆರರ ಭೋಂಗಾ, ಪರದೆಯಲ್ಲೂ ಸರಿಯಾಗಿ ಆರು. ಎಂಟರ ಭೋಂಗಾ ಕೇಳುವಾಗ ಪರದೆಯಲ್ಲಿ ಎಂಟು ದಾಟಿ ಹತ್ತು ಸೆಕೆಂಡು. ಹನ್ನೆರಡಕ್ಕೆ ಮೂವತ್ತು. ಹೆಡ್‌ಫೋನ್ ತೆಗೆದು, ಮಾನಿಟರಿನ ಮೂಲೆಯ ಅಂಟುಪಟ್ಟಿ ಕಿತ್ತೆ. ಅಡಿಯಲ್ಲಿ ಸಾವಿರಗಟ್ಟಲೆ ಫ್ರೇಮ್.

ಆದದ್ದು ಇಷ್ಟು. ಮೈಕು ಎಂಟು ತಾಸಿನ ಧ್ವನಿಯನ್ನು ಪೂರ್ತಿ ಹಿಡಿದಿತ್ತು. ಕಾರ್ಡು ಮತ್ತು ಹಾರ್ಡ್ ಡಿಸ್ಕು ಒಂದೇ ಹಬ್ಬಿನಲ್ಲಿ ನೂಕಾಡಿಕೊಂಡು, ಆ ಎಂಟು ತಾಸಿನಲ್ಲಿ ನಲವತ್ತು ಸೆಕೆಂಡಿನಷ್ಟು ಚಿತ್ರ ಅಲ್ಲಷ್ಟು ಇಲ್ಲಷ್ಟು ಬಿಟ್ಟುಹೋಗಿತ್ತು. ಬಿಟ್ಟ ಜಾಗವನ್ನು ಖಾಲಿ ಇಡದೆ ಸಾಫ್ಟ್‌ವೇರು ಉಳಿದ ಚಿತ್ರಗಳನ್ನು ಒತ್ತೊತ್ತಾಗಿ ಕೂಡಿಸಿತ್ತು. ಹೀಗೆ ಚಿತ್ರ ಮುಂದೆ ಓಡಿ, ಧ್ವನಿ ಹಿಂದೆ ಉಳಿಯಿತು. ಒಂದು ಐವತ್ತರ ಹೊತ್ತಿಗೆ ಅಂತರ ಮೂವತ್ತೊಂಬತ್ತು ಸೆಕೆಂಡು. ನಲವತ್ತೊಂದರಲ್ಲಿ ಅದನ್ನು ಕಳೆದರೆ ಉಳಿಯುವುದು ಎರಡು. ಸಾಬಣ್ಣ ಎರಡೇ ಸೆಕೆಂಡಿನಲ್ಲಿ ಕೂಗಿದ್ದ.

ಆ ಕ್ಷಣದಲ್ಲಿ ನನಗೆ ಖುಷಿಯಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ಹೆದರಿಕೆ. ನಿವೃತ್ತಿಗೆ ಏಳು ತಿಂಗಳಿತ್ತು. ಕಾರ್ಡು ನಾನು ತಂದದ್ದು, ಹಬ್ಬು ನಾನು ಚುಚ್ಚಿದ್ದು, ಪಟ್ಟಿ ನಾನು ಹಚ್ಚಿದ್ದು. ಪ್ರತಿಯನ್ನು ಲಕೋಟೆಗೆ ಹಾಕಿ ಕಳಿಸಿದರೆ ಯಾರೂ ಎಂಟು ತಾಸು ಕೂತು ನೋಡುತ್ತಿರಲಿಲ್ಲ. ಅಷ್ಟು ಯೋಚನೆ ನನ್ನ ತಲೆಗೆ ಬಂದದ್ದು ನಿಜ, ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಇದ್ದದ್ದೂ ನಿಜ. ಆಮೇಲೆ ಎದ್ದು ಖಾದರ್ ಸಾಹೇಬರ ಕೋಣೆಗೆ ಹೋದೆ.

ಎಲ್ಲ ಹೇಳಿದೆ. ಅವರು ಬಿಸ್ಕತ್ತಿನ ಡಬ್ಬಿ ತೆಗೆಯಲಿಲ್ಲ.

"ಪಟ್ಟಿ ಹಚ್ಚಿದ್ರಿ?"

"ಹೌದ್ರಿ."

"ಹೈದರಾಬಾದಿಗೆ ಹೋಗ್ರಿ ಅಂದಿದ್ನಿ."

"ಅಂದಿದ್ರಿ. ಹೋಗಲಿಲ್ಲ."

ಅವರು ಪಾಳಿಪಟ್ಟಿ ತೆಗೆದು ನೋಡಿದರು. "ನಾಳಿಗಿ ಅದೇ ಕಾರ್ಡು, ಅದೇ ಹಬ್ಬು, ಅದೇ ಡಿಸ್ಕು ಹಚ್ರಿ. ಏನೂ ಬದಲಿ ಮಾಡಬ್ಯಾಡ್ರಿ. ನಾ ಬಂದು ಕುಂದರ್ತೀನಿ" ಎಂದರು.

ಶನಿವಾರ ಬೆಳಗಿನ ಆರರಿಂದ ಎರಡರವರೆಗೆ ಆ ಮನುಷ್ಯ ಕಂಟ್ರೋಲ್ ರೂಮಿನಲ್ಲಿ ಮೈಕಿನ ಮುಂದೆ ಕೂತರು. ಪ್ರತಿ ಅರ್ಧ ಗಂಟೆಗೆ ಪರದೆಯ ಗಡಿಯಾರ ನೋಡಿ, "ಸಾಡೇ ಛೇ!", "ಸಾತ್ ಬಜೇ!" ಎಂದು ಕೂಗಿ ಹೇಳಿದರು. ಪಾಳಿಯ ಆಪರೇಟರುಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಸಾಹೇಬರು ಊಟಕ್ಕೂ ಏಳಲಿಲ್ಲ, ರೊಟ್ಟಿ ಅಲ್ಲಿಗೇ ತರಿಸಿಕೊಂಡರು. ಸಂಜೆ ರೆಕಾರ್ಡಿಂಗ್ ಓಡಿಸಿದರೆ "ಬಾರಾ ಬಜೇ" ಎಂಬ ಅವರ ಧ್ವನಿ ಕೇಳುವಾಗ ಪರದೆಯಲ್ಲಿ ಹನ್ನೆರಡು ದಾಟಿ ಇಪ್ಪತ್ತೊಂಬತ್ತು ಸೆಕೆಂಡು. ನನ್ನ ಕಣ್ಣು ಮಂಜಾಯಿತು. ತಪ್ಪು ನನ್ನದೆಂದು ಸಾಬೀತಾದದ್ದಕ್ಕೆ ಜೀವನದಲ್ಲಿ ಮೊದಲ ಸಲ ಹಗುರಾದೆ.

ಸೋಮವಾರ ಹತ್ತಕ್ಕೆ ಸಾಬಣ್ಣನ ಸಹಿ. ನಾವಿಬ್ಬರೂ ಒಂಬತ್ತಕ್ಕೇ ರೆಡ್ಡಿ ಸಾಹೇಬರ ಬಾಗಿಲಲ್ಲಿದ್ದೆವು. ಎರಡೂ ರೆಕಾರ್ಡಿಂಗ್ ತೋರಿಸಿದೆವು. ಅವರು ಭೋಂಗಾದ ಜಾಗವನ್ನು ತಾವೇ ಹಿಂದೆ ಮುಂದೆ ಮಾಡಿ ನಾಲ್ಕು ಸಲ ಕೇಳಿದರು.

"ಕುಲಕರ್ಣಿಯವರ, ಇದು ಮೊದಲಾ ಯಾಕ ಹೇಳಲಿಲ್ಲ?"

"ಮೊದ್ಲ ನೋಡ್ಲಿಲ್ರಿ. ನೋಡ್ಬೇಕಿತ್ತು. ನನ್ನ ಕೆಲಸ ಅದು."

"ಲಿಖಿತದಾಗ ಕೊಡ್ತೀರಿ?"

"ಬರ್ಕೊಂಡೇ ಬಂದೀನ್ರಿ."

ನನ್ನ ಕಾಗದವನ್ನು ಓದಿದರು. ಅಂಟುಪಟ್ಟಿಯ ವಾಕ್ಯಕ್ಕೆ ಬಂದಾಗ ಕನ್ನಡಕ ತೆಗೆದು ನನ್ನನ್ನೊಮ್ಮೆ ನೋಡಿದರು. ನಂತರ ಸಾಬಣ್ಣನ ಕಡತ ಎಳೆದು, ಸಹಿಗೆಂದು ಸಿದ್ಧವಾಗಿದ್ದ ಹಾಳೆಯನ್ನು ನಡುವೆ ಹರಿದರು. ನನಗೆ ಒಂದು ಎಚ್ಚರಿಕೆ ಪತ್ರ ಬಂತು, ಅದು ನನ್ನ ಸೇವಾ ಪುಸ್ತಕದಲ್ಲಿದೆ. ಅದನ್ನು ನೋಡಿದರೆ ಬೇಜಾರಾಗುವುದಿಲ್ಲ.

ಹತ್ತಾದರೂ ಸಾಬಣ್ಣ ಬರಲಿಲ್ಲ, ಫೋನೂ ಎತ್ತಲಿಲ್ಲ. ಖಾದರ್ ಸಾಹೇಬರು ತಮ್ಮ ಜೀಪಿನಲ್ಲೇ ನನ್ನನ್ನು ಕಳಿಸಿದರು. ಸಾಬಣ್ಣ ಹೊಳೆದಂಡೆಯ ತನ್ನ ಮನೆಯ ಕಟ್ಟೆಯ ಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಕೂತಿದ್ದ. ಅವನ ಹೆಂಡತಿ ನಾಗಮ್ಮ ನನ್ನನ್ನು ನೋಡಿ, "ಒಂದು ತಾಸಾತ್ರಿ ಹಿಂಗೇ ಕುಂತು. ಏಳವಲ್ಲ" ಎಂದಳು.

"ಸಾಬಣ್ಣ, ಸಹಿ ಬ್ಯಾಡ. ಹಾಳಿ ಹರದ್ರು. ತಪ್ಪು ನಂದು, ನನ್ನ ಕಾರ್ಡಿಂದು" ಎಂದು ಶುರು ಮಾಡಿ, ಭೋಂಗಾ, ಫ್ರೇಮು, ಖಾದರ್ ಸಾಹೇಬರ ಬಾರಾ ಬಜೇ ಎಲ್ಲ ಹೇಳಿದೆ. ನೌಕರಿ ಉಳಿಯಿತೆಂದು ನಾಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಮಾತ್ರ ನನ್ನ ಬಾಯನ್ನೇ ನೋಡುತ್ತಿದ್ದ.

"ಹಂಗಾರ ನಾ ಒದರಿದ್ನೇನ್ರಿ?" ಎಂದ.

"ಒದರಿದ್ದಿ. ಕೆಂಪಾಗಿ ಎರಡ ಸೆಕೆಂಡಿಗೆ."

"ಖರೇನ್ರಿ? ನಂಗ ನೆನಪಿತ್ರಿ. ಆದ್ರ ವಿಡಿಯೋ ನೋಡಿ ನೋಡಿ, ನಾನೇ ಮಂಕಾಗಿ ಕುಂತಿದ್ನೇನೋ, ಭೀಮ್ಯಾನ ಕೈ ಸುಟ್ಟಿದ್ದು ನಾನೇ ಅಂತ..." ಆ ತುಂಡು ಕತ್ತರಿಸಿ ಕೊಟ್ಟವನು ನಾನು. ಅವನ ಕಣ್ಣೆದುರಿಗೆ ಮೂರು ಸಲ ಗುಂಡಿ ಒತ್ತಿದವನೂ ನಾನು. ಅವನ ಪಕ್ಕ ಕಟ್ಟೆಯ ಮೇಲೆ ಕೂತು, "ನನ್ನದು ತಪ್ಪಾತಪ್ಪಾ" ಎಂದೆ.

ಅವನು ಫೋನ್ ತೆಗೆದು ಭೀಮರಾಯನಿಗೆ ಹಚ್ಚಿದ. ಆಸ್ಪತ್ರೆಯಿಂದ ಮುಧೋಳಕ್ಕೆ ಬಂದು ಎಂಟು ದಿನವಾಗಿದ್ದರೂ ಇವನು ಅವನನ್ನು ನೋಡಲು ಹೋಗಿರಲಿಲ್ಲ, ಅವನು ಮಾಡಿದ ಫೋನುಗಳನ್ನೂ ಎತ್ತಿರಲಿಲ್ಲ. ಯಾರೋ ಫೋನನ್ನು ಭೀಮರಾಯನ ಕಿವಿಗೆ ಹಿಡಿದಿರಬೇಕು.

"ಭೀಮ್ಯಾ, ನಾ ಒದರಿದ್ನಂತೋ."

ಆ ಕಡೆಯಿಂದ ಬೈಗುಳದಂಥ ದನಿ ನನಗೂ ಕೇಳಿಸಿತು. "ಮತ್ತ! ನಾ ಅವತ್ತಿನಿಂದ ಎಲ್ಲಾರಿಗೂ ಏನ್ ಹೇಳಾಕತ್ತೀನೋ? ನೀ ಒದರಿದಿ, ನಾ ಸಿಕ್ಕೊಂಡಿದ್ದ ಸಲಾಕಿ ಜಗ್ಗಿಕೋತ ಮಾರಿ ಆ ಕಡಿ ತಿರುವಿದೆ. ಇಲ್ಲಂದ್ರ ನನ್ನ ಕಣ್ಣು ಎಲ್ಲಿರ್ತಿದ್ವು? ನೀ ಯಾಕ ಬರವಲ್ಲಿ ಅದು ಹೇಳು ಮದ್ಲ!"

ಸಾಬಣ್ಣ ಹಿತ್ತಲಿಗೆ ಹೋಗಿ ಮುಖ ತೊಳೆದು ಬಂದ. ಇನ್ನೊಂದು ಚಪ್ಪಲಿ ಹುಡುಕಿ ಹಾಕಿಕೊಂಡ. "ಸಾಹೇಬ್ರ, ಜೀಪು ಡ್ಯೂಟಿಗಿ ಹೊಂಟದೇನ್ರಿ? ಡ್ಯೂಟಿಗಿ ನಾಳಿಗಿ ಬರ್ತೀನಿ. ಇವತ್ತು ನನ್ನ ಮುಧೋಳಕ್ಕ ಬಿಡ್ರಿ" ಎಂದ.